ಮೀನಿಗೂ ಏಕಾದಶಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹಾಸನದ ನಮ್ಮ ಮನೆಯವರು ಮದುವೆಗೆ ಮೊದಲೇ ಗಂಡಿನ ಕಡೆಯವರಿಗೆ ಹೇಳಿಬಿಟ್ಟಿದ್ದರು. ಆಮೇಲೆ ದೂರು ಬರಬಾರದಲ್ಲ! ತೊಂಬತ್ತರ ದಶಕದ ಕೊನೆಯಲ್ಲಿ ಆ ಮೂಗನ್ನು ಹೊತ್ತುಕೊಂಡೇ ನಾನು ಚೆನ್ನೈಗೆ ಬಂದೆ. ಬೆಸೆಂಟ್ ನಗರದ ಎರಡನೇ ಮಹಡಿಯ ಫ್ಲ್ಯಾಟು. ಒಳಗೆ ಕಾಲಿಟ್ಟರೆ ಎಡಕ್ಕೆ ದೇವರ ಮನೆ, ಬಲಕ್ಕೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ಸಮುದ್ರದ ನೀರು. ದೇವರ ಮನೆ ಅತ್ತೆಯದು, ತೊಟ್ಟಿ ಮಾವನದು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದು, ಕನ್ನಡಕ್ಕೆ ತಮಿಳು ಬೆರೆಸಿ ಆಡುವ ವೈಷ್ಣವರ ಮನೆ ಅದು. ಈರುಳ್ಳಿ ಕೂಡ ಅಪ್ಪಣೆ ಪಡೆದು ಒಳಗೆ ಬರಬೇಕಾದಂಥ ಮನೆಯಲ್ಲಿ ಮೀನುಗಳು ನಡುಮನೆಯಲ್ಲೇ ಓಡಾಡಿಕೊಂಡಿದ್ದವು.

ಮಾವ ಬಂದರಿನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದವರು. ರಾಯಪುರಂನ ದೋಣಿಯವನೊಬ್ಬ ಅವರ ಹಳೆಯ ಪರಿಚಯ. ಎರಡು ವಾರಕ್ಕೊಮ್ಮೆ ಅವನು ನಡುಗಡಲಿನ ನೀರನ್ನು ಕ್ಯಾನುಗಳಲ್ಲಿ ತುಂಬಿ ತಂದು ಕೊಡುತ್ತಿದ್ದ. ಮನೆಯಿಂದ ಐದು ನಿಮಿಷ ನಡೆದರೆ ಸಮುದ್ರ, ಆದರೂ ಅಲ್ಲಿಂದ ಒಂದು ಚೊಂಬು ನೀರು ತರಲು ಮಾವ ಒಪ್ಪುತ್ತಿರಲಿಲ್ಲ. "ಅದು ಊರಿನ ಚರಂಡಿಯೆಲ್ಲ ಸೇರೋ ಜಾಗಮ್ಮಾ. ಆ ನೀರು ಹಾಕಿದ್ರೆ ಪಾಚಿಗೆ ಹಬ್ಬ," ಎನ್ನುತ್ತಿದ್ದರು. ತೊಟ್ಟಿಯಲ್ಲಿ ಕಡಲಿನ ಕಲ್ಲುಗಳಿದ್ದವು, ಬಸವನಹುಳುಗಳಿದ್ದವು, ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟಿ ಬಳಿದುಕೊಂಡ ಒಂದು ಜೋಡಿ ಮೀನುಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಕಡಲಹೂವು ಇತ್ತು. ಹೆಸರಿಗೆ ಹೂವು, ನಿಜಕ್ಕೆ ಪ್ರಾಣಿ. ಕಲ್ಲಿಗೆ ಅಂಟಿಕೊಂಡು, ಬೆರಳಿನಂಥ ನೂರಾರು ಎಳೆಗಳನ್ನು ಆಡಿಸುತ್ತ ಕುಳಿತಿರುತ್ತದೆ. ಆ ಜೋಡಿ ಮೀನುಗಳಿಗೆ ಅದರ ಮಡಿಲೇ ಮನೆ. ಎಂಟಾಣೆಯಷ್ಟಿದ್ದಾಗ ತಂದ ಆ ಹೂವನ್ನು ಮಾವ ಸೆಟ್ ದೋಸೆಯಷ್ಟು ದೊಡ್ಡದು ಮಾಡಿದ್ದರು. ಬಂದವರಿಗೆಲ್ಲ ತಮ್ಮ ಮಗನನ್ನು ತೋರಿಸುವುದಕ್ಕಿಂತ ಮೊದಲು ಅದನ್ನೇ ತೋರಿಸುತ್ತಿದ್ದರು. ಇದರಿಂದ ನಮ್ಮವರಿಗೆ ಬೇಜಾರೇನೂ ಇರಲಿಲ್ಲ, ಅಭ್ಯಾಸವಾಗಿಹೋಗಿತ್ತು.

ನಾನು ಎಗ್ಮೋರಿನ ಒಂದು ಲ್ಯಾಬಿನಲ್ಲಿ ರಕ್ತ, ಮೂತ್ರ, ಮಲ ಪರೀಕ್ಷೆ ಮಾಡುವವಳು. ಸೂಕ್ಷ್ಮದರ್ಶಕ ನೋಡುವವಳು ಮನೆಗೆ ಸೊಸೆಯಾಗಿ ಬಂದಳೆಂದು ಮಾವನಿಗೆ ಎಲ್ಲಿಲ್ಲದ ಸಂಭ್ರಮ. ಸಂಜೆ ನಾನು ಕಾಫಿ ಹಿಡಿದು ಕೂತರೆ ಪಾಚಿಯ ಪಾಠ ಶುರು. "ಪಾಚಿ ಅಂತ ಒಂದೇ ಮಾತಲ್ಲಿ ಹೇಳಿಬಿಡಬೇಡ. ಯಾರು ಬಂದಿರೋದು ಅಂತ ಮೊದಲು ನೋಡು, ಆಮೇಲೆ ಓಡಿಸು," ಎಂಬುದು ಅವರ ದಿನನಿತ್ಯದ ಮಾತು. ಹೊಸ ತೊಟ್ಟಿಯಲ್ಲಿ ಮೊದಲು ಕಾಣುವ ಕಂದು ಪುಡಿ ಮದುವೆಮನೆಯ ನೆಂಟರಂತೆ, ತಾನಾಗಿ ಬಂದು ತಾನಾಗಿ ಹೋಗುತ್ತದೆ. ಗಾಜಿಗೆ ಹಿಡಿಯುವ ಹಸಿರು ಪೊರೆ ಬಸವನಹುಳುಗಳ ಊಟ, ಅದಕ್ಕೆ ನಾವು ಕೈಹಾಕಬಾರದು. ಕೂದಲಿನಂತೆ ಉದ್ದುದ್ದ ಹಸಿರು ಬೆಳೆಯಿತೋ, ಮೀನಿಗೆ ತಿನ್ನಿಸುವುದು ಜಾಸ್ತಿಯಾಗಿದೆ, ಕಿತ್ತು ಹಾಕಿ ಊಟ ಕಡಿಮೆ ಮಾಡಬೇಕು. ಇನ್ನೊಂದಿದೆ, ಹಸಿರು ಮಣಿಯಂತೆ ಹೊಳೆಯುವ ಗುಳ್ಳೆಪಾಚಿ. ಅದನ್ನು ನೀರೊಳಗೆ ಒಡೆಯಲೇಬಾರದು, ಒಡೆದರೆ ಒಂದು ಹೋಗಿ ನೂರಾಗುತ್ತದೆ. ಇದನ್ನು ಅವರು ನನಗೆ ಹೇಳುವ ಮೊದಲೇ ನಾನು ಹೇರ್‌ಪಿನ್ನಿನಿಂದ ಒಂದು ಗುಳ್ಳೆಯನ್ನು ಟಪ್ಪೆನಿಸಿಬಿಟ್ಟಿದ್ದೆ. ಮಾವ ಬೈಯಲಿಲ್ಲ. ಮುಂದಿನ ಆರು ತಿಂಗಳು ಪ್ರತಿ ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮಣಿಗಳನ್ನು ಒಂದೊಂದಾಗಿ ಚಿಮಟದಿಂದ ಕೀಳಿಸಿದರು. ಅಷ್ಟು ಹೊತ್ತಿಗೆ ನನಗೆ ಆ ತೊಟ್ಟಿಯ ಮೇಲೂ ಮಾವನ ಮೇಲೂ ಜೀವವೇ ಆಗಿತ್ತು.

ಅತ್ತೆ ಮಾತ್ರ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ನಾತ, ನಾತ," ಎಂದು ಸೆರಗು ಮೂಗಿಗೆ ಹಿಡಿದು ದಾಟಿಹೋಗುತ್ತಿದ್ದರು. ಅವರ ಮಡಿಯೋ, ದೇವರಿಗೇ ಪ್ರೀತಿ! ಒಣಹಾಕಿದ ಸೀರೆಯನ್ನು ಕೋಲಿನಿಂದ ತೆಗೆಯಬೇಕು, ನಾವು ಮುಟ್ಟುವ ಹಾಗಿಲ್ಲ. ಮಂಗಳವಾರ ಮತ್ತು ಶುಕ್ರವಾರ ಸಂಜೆಯಂತೂ ದೇವರ ಮನೆಯ ಬಾಗಿಲು ಹಾಕಿಕೊಂಡು ಕೂತರೆ ಗಂಟೆಯ ಸದ್ದು ನಿಲ್ಲುತ್ತಲೇ ಇರಲಿಲ್ಲ. ಹತ್ತು ನಿಮಿಷ, ಕೆಲವು ಸಲ ಕಾಲು ಗಂಟೆ. ಕೆಳಗಿನ ಮನೆಯವರು ಒಮ್ಮೆ ನನ್ನನ್ನು ಮೆಟ್ಟಿಲಲ್ಲಿ ತಡೆದು, "ನಿಮ್ಮತ್ತೆಗೆ ಕೈ ನೋಯೋಲ್ವಾ?" ಎಂದು ಕೇಳಿದ್ದರು. ಆ ಹೊತ್ತಿಗೆ ಸರಿಯಾಗಿ ಮಾವ ಬೀಚಿನ ವಾಕಿಂಗ್ ಮುಗಿಸಿ ಬಂದು ತೊಟ್ಟಿಯ ಮುಂದೆ ಕೂತಿರುತ್ತಿದ್ದರು. ನಾನು ಲ್ಯಾಬಿನಿಂದ ಬರುವಷ್ಟರಲ್ಲಿ ಒಳಗೆ ಪೂಜೆ ಮುಗಿದು, ಹೊರಗೆ ಮಾವ ಕೈತೊಳೆದು ಬಂದು ನಗುತ್ತ ಕೂತಿರುತ್ತಿದ್ದರು.

ತೊಟ್ಟಿ ಬಂದು ಆರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿದ್ದ ಹಾಗೆಯೇ, ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಮಾವ ಹೋಗಿಬಿಟ್ಟರು. ಅತ್ತೆ ಒಳಗೆ ಒಗ್ಗರಣೆ ಹಾಕುತ್ತಿದ್ದರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ನಮ್ಮವರು ಮೆಲ್ಲಗೆ, "ಅಮ್ಮಾ, ಈ ತೊಟ್ಟೀನ ಯಾರಿಗಾದ್ರೂ ಕೊಟ್ಬಿಡೋಣ್ವಾ?" ಎಂದರು. ಅತ್ತೆ ಎದ್ದು ನಿಂತೇ ಬಿಟ್ಟರು.

"ಯಾರೋ ಕೊಡು ಅಂದಿದ್ದು? ನಾನು ಇದೀನಲ್ಲ!"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಅತ್ತೆ ಮೊದಲು ಬಂದದ್ದು ತೊಟ್ಟಿಯ ಹತ್ತಿರ, ಆಮೇಲೆ ದೇವರ ಹತ್ತಿರ.

ಅಂದಿನಿಂದ ತೊಟ್ಟಿಗೂ ಮಡಿ ಬಂತು. ಮೊದಲು ಮೀನಿನ ಆಹಾರದ ಡಬ್ಬಿಯನ್ನು ನನ್ನಿಂದ ಓದಿಸಿದರು. ಅದರಲ್ಲಿ ಒಣಮೀನಿನ ಪುಡಿ ಇದೆಯೆಂದು ನಾನು ಬಾಯಿ ತಪ್ಪಿ ಓದಿಬಿಟ್ಟೆ. "ನಾರಾಯಣ ನಾರಾಯಣ! ಮೀನಿಗೆ ಮೀನೇ ತಿನ್ಸೋದಾ?" ಎಂದು ಡಬ್ಬಿಯನ್ನೇ ಕೆಲಸದವಳ ಕೈಯಲ್ಲಿ ಕಳಿಸಿಬಿಟ್ಟರು. ಅದರ ಬದಲು ಸ್ಪಿರುಲಿನಾ ಮಾತ್ರೆಗಳು ಬಂದವು, ಅದೂ ಒಂಥರಾ ಪಾಚಿಯೇ. ಒಂದು ಮಾತ್ರೆಯನ್ನು ಪುಡಿಮಾಡಿ ಚಿಟಿಕೆಯಷ್ಟು ಹಾಕುವುದು, ಅಷ್ಟೇ ಊಟ. ಏಕಾದಶಿಯ ದಿನ ಅದೂ ಇಲ್ಲ. ಮನೆಯವರಿಗೆ ಉಪವಾಸ ಅಂದಮೇಲೆ ಮೀನಿಗೂ ಏಕಾದಶಿ. ನಮ್ಮವರಿಗೆ ನಗು ತಡೆಯದೆ, "ದ್ವಾದಶಿ ದಿನ ಪಾರಣೆಗೆ ಅವಕ್ಕೂ ಎಲೆ ಹಾಕ್ತೀಯೇನಮ್ಮಾ?" ಎಂದು ಕೇಳಿ ಸರಿಯಾಗಿ ಬೈಸಿಕೊಂಡರು.

ಎರಡು ಮೂರು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಗಾಜು ಕನ್ನಡಿಯಂತೆ ಹೊಳೆಯಿತು. ಆಮೇಲೆ ಮರಳಿನ ಮೇಲೆ ಕಂದು ಬಣ್ಣದ ಲೋಳೆ ಕಾಣಿಸಿಕೊಂಡಿತು. ನಾನು ಬಗ್ಗಿ ನೋಡಿದೆ, ಎದ್ದೆ, ತೀರ್ಪು ಕೊಟ್ಟೆ. "ಅತ್ತೆ, ಇದು ಮಾವ ಹೇಳ್ತಿದ್ದ ಕಂದು ಪುಡಿ ಅಷ್ಟೇ. ಊಟ ಇನ್ನೂ ಕಮ್ಮಿ ಮಾಡಿ, ನೀರು ಜಾಸ್ತಿ ಬದಲಾಯ್ಸಿ, ಹೋಗತ್ತೆ." ಲ್ಯಾಬಿನವಳು ಹೇಳಿದ ಮೇಲೆ ಮುಗಿಯಿತಲ್ಲ! ಅತ್ತೆ ದಿನವೂ ಲೋಳೆಯನ್ನು ಕೊಳವೆಯಿಂದ ಎಳೆದು ತೆಗೆದು, ಅಷ್ಟೇ ಹೊಸ ನೀರು ತುಂಬಿಸಿದರು. ರಾಯಪುರಂನವನು ಎರಡು ವಾರಕ್ಕೊಮ್ಮೆ ಬರುತ್ತಿದ್ದವನು ವಾರಕ್ಕೆ ಎರಡು ಸಲ ಬರಬೇಕಾಯಿತು. ಊರೆಲ್ಲ ಕೊಡ ಹಿಡಿದು ಲಾರಿ ನೀರಿಗೆ ಕಾಯುತ್ತಿದ್ದ ವರ್ಷ ಅದು. ನಮ್ಮ ಮನೆಯಿಂದ ಕ್ಯಾನುಗಟ್ಟಲೆ ನೀರು ಚರಂಡಿಗೆ ಹೋಗುವುದನ್ನು ನೋಡಿ ಅಕ್ಕಪಕ್ಕದವರ ಹೊಟ್ಟೆ ಉರಿಯುತ್ತಿತ್ತು. ಅದು ಉಪ್ಪುನೀರು ಎಂದು ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ.

ತೊಳೆದಷ್ಟೂ ಲೋಳೆ ಹೆಚ್ಚಾಯಿತು. ಬೆಳಿಗ್ಗೆ ಅಷ್ಟಾಗಿ ಕಾಣದು, ಮಧ್ಯಾಹ್ನದ ಹೊತ್ತಿಗೆ ಕಲ್ಲುಗಳ ಮೇಲೆಲ್ಲ ದಾರದಾರವಾಗಿ, ತುದಿಯಲ್ಲಿ ಗಾಳಿಗುಳ್ಳೆ ಕಟ್ಟಿಕೊಂಡು ತೂಗಾಡುತ್ತದೆ. ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಕಳಚಿಬಿದ್ದು ಸತ್ತವು. ಕಡಲಹೂವು ಸೆಟ್ ದೋಸೆಯಷ್ಟಿದ್ದುದು ಪೂರಿಯಷ್ಟಾಯಿತು, ಪೂರಿ ನಿಪ್ಪಟ್ಟಾಯಿತು. ಅದರ ಮಡಿಲಲ್ಲಿ ಜಾಗ ಸಾಲದೆ ಮೀನುಗಳೆರಡೂ ಕಲ್ಲಿನ ಮೂಲೆಗೆ ಹೋದವು.

ನನ್ನ ಕೋಪ ಕೇಳಬೇಕೆ! ಒಂದು ದಿನ ಲ್ಯಾಬಿನಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಕೂಗಾಡಿದೆ. "ನೀವು ಕದ್ದು ಏನೋ ಹಾಕ್ತಿದೀರ ಅತ್ತೆ. ಇಲ್ಲದಿದ್ರೆ ಇಷ್ಟು ಪಾಚಿ ಎಲ್ಲಿಂದ ಬರತ್ತೆ? ನಿಮ್ಮ ಕೈಯಲ್ಲಿ ಆಗಲ್ಲ ಅಂದ್ರೆ ಬಿಟ್ಬಿಡಿ!"

ಅತ್ತೆ ತಿರುಗಿ ಬೈಯುತ್ತಾರೆಂದು ನಾನು ಸಿದ್ಧವಾಗಿದ್ದೆ. ಅವರು ಮಾವನ ಕುರ್ಚಿಯಲ್ಲಿ ಕುಸಿದು ಕೂತರು. ಆ ಕುರ್ಚಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅವರು ಹೋದಾಗ ನಾನು ಅಡಿಗೆಮನೇಲಿದ್ದೆ ಮಾ. ಒಂದು ಲೋಟ ನೀರು ಕೊಡಕ್ಕೆ ಆಗ್ಲಿಲ್ಲ ನನಗೆ. ಇದೊಂದು ಹೂವು ಅವರು ಕೈಯಾರ ಬೆಳೆಸಿದ್ದು. ಪಾವಂ, ಅದಕ್ಕೇನು ಗೊತ್ತು. ಇದೂ ಹೋಗ್ಬಿಟ್ಟರೆ ನಾನು ಏನು ಮಾ ಮಾಡೋದು?"

ಚಪ್ಪಲಿ ಬಿಟ್ಟು ಬಂದು ಅವರ ಕಾಲ ಹತ್ತಿರ ಕೂತೆ. ಅವರನ್ನು ಮುಟ್ಟಲು ಆ ದಿನ ಮಡಿ ಅಡ್ಡ ಬರಲಿಲ್ಲ. ಆಗ ಮಾವನ ಮಾತು ನೆನಪಾಯಿತು: ಯಾರು ಬಂದಿರೋದು ಅಂತ ಮೊದಲು ನೋಡು. ದಿನಕ್ಕೆ ಐವತ್ತು ಗಾಜಿನ ತುಂಡುಗಳನ್ನು ಸೂಕ್ಷ್ಮದರ್ಶಕದ ಕೆಳಗಿಡುವ ನಾನು ಈ ಲೋಳೆಯನ್ನು ಒಂದು ಸಲವೂ ನೋಡಿರಲಿಲ್ಲ. ಬಣ್ಣ ನೋಡಿ ಹೆಸರು ಹೇಳಿದ್ದೆ. ನನ್ನ ಕೆಳಗೆ ಕೆಲಸ ಕಲಿಯುವ ಹುಡುಗಿ ಹಾಗೆ ಮಾಡಿದ್ದರೆ ಅವಳಿಗೆ ಅಳು ಬರುವ ಹಾಗೆ ಬೈಯುತ್ತಿದ್ದೆ.

ಮಾರನೆಯ ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂದು ಹನಿ ಲೋಳೆಯನ್ನು ನೋಡಿದೆ. ಕಂದು ಪುಡಿಯ ಜೀವಿಗಳಾಗಿದ್ದರೆ ಗಾಜಿನ ಪೆಟ್ಟಿಗೆಯಂಥ ಚಿಪ್ಪಿನೊಳಗೆ ಸುಮ್ಮನಿರಬೇಕು, ಹೆಚ್ಚೆಂದರೆ ಮೆಲ್ಲಗೆ ಜಾರಬೇಕು. ಇವು ಎಳ್ಳುಕಾಳಿನಂಥವು, ಒಂದೊಂದೂ ಗಿರಗಿರನೆ ತಿರುಗುತ್ತಿದ್ದವು. ಲ್ಯಾಬಿನ ಪಕ್ಕದ ಬ್ರೌಸಿಂಗ್ ಸೆಂಟರಿಗೆ ಹೋಗಿ, ಹೊರದೇಶದಲ್ಲಿ ಇಂಥ ತೊಟ್ಟಿ ಸಾಕುವವರು ಒಬ್ಬರಿಗೊಬ್ಬರು ಬರೆದುಕೊಂಡದ್ದನ್ನು ಓದುತ್ತ ಕೂತೆ. ಓದುತ್ತ ಓದುತ್ತ ಕಿವಿ ಬಿಸಿಯಾಯಿತು. ಇದು ಗಲೀಜಿಗೆ ಬರುವ ಪಾಚಿಯಲ್ಲ. ನೀರಿನಲ್ಲಿ ತಿನ್ನಲು ಏನೂ ಇಲ್ಲದೆ ಬೇರೆ ಪಾಚಿಗಳೆಲ್ಲ ಸತ್ತಾಗ, ಖಾಲಿಯಾದ ಜಾಗಕ್ಕೆ ಇದು ಬರುತ್ತದೆ. ಹೊಸ ನೀರು ಹಾಕಿದಷ್ಟೂ ಇದಕ್ಕೆ ಬಲ. ಇದನ್ನು ತಿಂದ ಬಸವನಹುಳು ಸಾಯುತ್ತದೆ. ಮಾಡಬೇಕಾದದ್ದು ಇಷ್ಟು: ನೀರು ಬದಲಿಸುವುದು ನಿಲ್ಲಿಸಿ, ಮೂರು ದಿನ ಬೆಳಕು ಬೀಳದ ಹಾಗೆ ಮುಚ್ಚಿ, ಆಮೇಲೆ ಹೊಟ್ಟೆ ತುಂಬ ಊಟ ಹಾಕಿ, ಸ್ವಲ್ಪ ಕೊಳೆ ಇರಲು ಬಿಡಿ. ಅಂದರೆ ನಾವು ಅತ್ತೆ ಸೊಸೆ ಸೇರಿಕೊಂಡು, ಮಡಿ ಮಾಡಿ ಮಾಡಿ, ಇದ್ದ ಒಂದು ಪುಟ್ಟ ಸಮುದ್ರವನ್ನು ಉಪವಾಸ ಕೆಡವಿದ್ದೆವು.

ಮನೆಗೆ ಬಂದು ಹೇಳಿದೆ. ಅತ್ತೆಗೆ ನಂಬಿಕೆಯೇ ಬರಲಿಲ್ಲ. "ಗಲೀಜಾಗೇ ಬಿಡಬೇಕಾ? ಏನ್ ಮಾ ಇದು ಅನ್ಯಾಯ?"

"ತಪ್ಪು ನಂದು ಅತ್ತೆ. ನೋಡದೆ ಹೇಳಿದೆ. ನೀವು ಏನೂ ಕದ್ದು ಹಾಕಿರ್ಲಿಲ್ಲ, ನಾನೇ ಬಾಯಿಗೆ ಬಂದ ಹಾಗೆ ಅಂದೆ."

"ಪರವಾಯಿಲ್ಲ ಬಿಡು. ನಿನ್ನ ಬಾಯಿ ನನಗೆ ಹೊಸದಾ?" ಎಂದು ಒಳಗೆ ಹೋಗಿ ಮಾವನ ಕರಿ ಕಂಬಳಿಯನ್ನು ತಂದು ಕೊಟ್ಟರು.

ಮೂರು ದಿನ ತೊಟ್ಟಿ ಕಂಬಳಿ ಹೊದ್ದು ಕೂತಿತ್ತು. ಅತ್ತೆಗೆ ಬೆಳಿಗ್ಗೆ ಐದಕ್ಕೆ ಎದ್ದರೆ ಕೈಗೆ ಕೆಲಸವಿಲ್ಲ. ಕಂಬಳಿಯ ಮುಂದೆ ಬಂದು ನಿಲ್ಲುವುದು, ಹೋಗುವುದು. ನಾಲ್ಕನೆಯ ದಿನ ತೆಗೆದಾಗ ಲೋಳೆ ಮುಕ್ಕಾಲು ಪಾಲು ಕರಗಿತ್ತು. ಮೀನುಗಳು ಗಟ್ಟಿಮುಟ್ಟಾಗಿದ್ದವು. ಆದರೆ ಕಡಲಹೂವು ಇನ್ನೂ ಕುಗ್ಗಿ, ಬಾಯಿ ತೆರೆದುಕೊಂಡು ಸೋತು ಬಿದ್ದಿತ್ತು. ಅದು ತಿನ್ನದಿದ್ದರೆ ಇನ್ನೊಂದು ವಾರ ಉಳಿಯುವುದಿಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು. ಚಿಟಿಕೆ ಮಾತ್ರೆಪುಡಿಯಿಂದ ಹೊಟ್ಟೆ ತುಂಬುವ ಪ್ರಾಣಿ ಅದಲ್ಲ.

ಹಾಗಾದರೆ ಮಾವ ಇದಕ್ಕೆ ಏನು ಹಾಕಿ ಬೆಳೆಸಿದ್ದರು? ಆ ಪ್ರಶ್ನೆ ನನಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ ನೋಡಿ. ಬಾಗಿಲ ಹಿಂದೆ ಅವರ ವಾಕಿಂಗ್ ಚೀಲ ಹಾಗೇ ನೇತಾಡುತ್ತಿತ್ತು, ಯಾರೂ ಮುಟ್ಟಿರಲಿಲ್ಲ. ಒಳಗೆ ಕೈಹಾಕಿದರೆ ಒಂದು ಪುಟ್ಟ ಕತ್ತರಿ, ಉದ್ದನೆಯ ಚಿಮಟ, ಒಂದು ಕರಿ ಬಣ್ಣದ ಫಿಲಂ ರೋಲಿನ ಡಬ್ಬಿ ಸಿಕ್ಕವು. ಡಬ್ಬಿಯ ಮುಚ್ಚಳ ತೆಗೆದೆ. ಬಿಎಸ್ಸಿಯಲ್ಲಿ ಮೂಗು ಮುಚ್ಚಿಕೊಂಡು ಸೀಗಡಿ ಕೊಯ್ದವಳು ನಾನು, ಆ ವಾಸನೆಯನ್ನು ಮರೆಯುವುದುಂಟೇ? ಒಳಗೆ ಗೋಡೆಗೆ ಅಂಟಿಕೊಂಡು ತೆಳ್ಳನೆಯ ಒಂದು ಸಿಪ್ಪೆಯೂ ಇತ್ತು. ಅಯ್ಯೋ ನನ್ನ ಮಾವನೇ! ಈರುಳ್ಳಿಗೂ ಅಪ್ಪಣೆ ಬೇಕಾದ ಮನೆಗೆ ಡಬ್ಬಿಯಲ್ಲಿ ಸೀಗಡಿ ತರುತ್ತಿದ್ದರು.

ಮಾರನೆಯ ಸಂಜೆ ಲ್ಯಾಬಿನಿಂದ ಬೇಗ ಹೊರಟು, ಡಬ್ಬಿ ಹಿಡಿದು ಬೀಚಿಗೆ ಹೋದೆ. ಅಲ್ಲಿ ಮರಳಿನ ಅಂಚಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಮೀನಿನ ಹೆಂಗಸಿನ ಮುಂದೆ ನಿಂತು, ಹೇಗೆ ಕೇಳುವುದೆಂದು ತಡವರಿಸುತ್ತಿದ್ದೆ. ಅವಳೇ ಡಬ್ಬಿಯನ್ನು ನೋಡಿ, "ಇದು ತಾತಾವೋಡ ಡಬ್ಬಾ ದಾನೇ?" ಎಂದು ತಾತನ ಡಬ್ಬಿಯ ಗುರುತು ಹಿಡಿದು ಕಣ್ಣರಳಿಸಿದಳು. ಮಂಗಳವಾರ ಮತ್ತು ಶುಕ್ರವಾರ ತಾತ ಬಂದು ಎರಡೇ ಎರಡು ಸೀಗಡಿ ಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತು ಕತ್ತರಿಯಿಂದ ಸಣ್ಣಗೆ ಹೆಚ್ಚಿ ತುಂಬಿಕೊಂಡು ಹೋಗುತ್ತಿದ್ದರಂತೆ. ಪ್ರತಿ ಸಲ ಏಳುವಾಗ ಬಾಯಿಗೆ ಬೆರಳಿಟ್ಟು, ಮನೆಯ ಅಜ್ಜಿಗೆ ಗೊತ್ತಾಗಬಾರದು ಎನ್ನುತ್ತಿದ್ದರಂತೆ. ತಾತ ಎಲ್ಲಿ ಎಂದು ಅವಳು ಕೇಳಿದಳು, ನಾನು ಹೇಳಿದೆ. ಅವಳು ಎರಡು ಸೀಗಡಿ ಹೆಚ್ಚಿ ಡಬ್ಬಿಗೆ ತುಂಬಿ, ದುಡ್ಡು ತೆಗೆದುಕೊಳ್ಳದೆ ಮುಖ ತಿರುಗಿಸಿಕೊಂಡಳು.

ಮನೆಗೆ ಬಂದೆ. ಅತ್ತೆ ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಮಾವ ಹೋದ ಮೇಲೆ ಮಂಗಳವಾರ, ಶುಕ್ರವಾರದ ಆ ಉದ್ದನೆಯ ಪೂಜೆ ನಿಂತೇಹೋಗಿತ್ತು, ದೀಪ ಹಚ್ಚಿ ಒಂದು ನಿಮಿಷ ಗಂಟೆ ಆಡಿಸಿ ಎದ್ದುಬಿಡುತ್ತಿದ್ದರು. ದುಃಖಕ್ಕೆ ಕೈ ಓಡುವುದಿಲ್ಲ ಎಂದುಕೊಂಡಿದ್ದೆ. ಅವರು ಅಡಿಗೆಮನೆಗೆ ಹೋದ ಮೇಲೆ ಕೆಲಸ ಮುಗಿಸೋಣವೆಂದು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತೆ.

"ಸೆರಗಲ್ಲಿ ಏನದು?" ಎಂದರು ಅತ್ತೆ, ತಲೆ ಎತ್ತದೆ.

"ಏನಿಲ್ಲ ಅತ್ತೆ."

"ನಿನಗೆ ಬಚ್ಚಿಡಕ್ಕೆ ಬರಲ್ಲ ಮಾ. ಅವರು ಎಡಗಡೆ ಜೇಬಲ್ಲಿ ಹಾಕ್ಕೊಂಡು, ಮೇಲೆ ಕರ್ಚೀಫು ತುರುಕೋರು."

"ನಿಮಗೆ ಗೊತ್ತಿತ್ತಾ?"

"ಆರು ವರ್ಷ ಆ ಶರ್ಟೆಲ್ಲ ಒಗೆದಿದ್ದು ಯಾರು ಅಂತ ನೆನೆಸಿದೆ?"

"ಮತ್ತೆ ಒಂದು ದಿನಾನೂ ಕೇಳ್ಲಿಲ್ಲ ನೀವು!"

"ಕೇಳಿದ್ರೆ ಬೇಡ ಅನ್ನಬೇಕಾಗ್ತಿತ್ತು," ಎಂದರು ಅತ್ತೆ. ಕೈಯಲ್ಲಿದ್ದ ಬತ್ತಿಯನ್ನು ಹೊಸೆಯುತ್ತಲೇ ಇದ್ದರು, ಅದು ದಾರವಾಗಿಹೋಗಿತ್ತು. "ಅವರು ಹೋದ್ಮೇಲೆ ಎಷ್ಟೋ ಸಲ ಆ ಚೀಲದವರೆಗೂ ಹೋಗಿದೀನಿ. ನನ್ನ ಕೈಯಿಂದ ಆಗ್ಲಿಲ್ಲ ಮಾ. ಹೂವು ಸೊರಗ್ತಾ ಇರೋದು ಕಣ್ಣೆದುರಿಗೇ ಕಾಣ್ತಿದ್ರೂ ಆಗ್ಲಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು. ಆಮೇಲೆ ಅವರೇ ಗದರಿದರು. "ಅಳ್ತಾ ನಿಂತ್ರೆ ಆಯ್ತಾ? ಇವತ್ತು ಶುಕ್ರವಾರ. ನಾನು ಪೂಜೆಗೆ ಕೂರ್ತೀನಿ. ಕೈ ಒರೆಸಕ್ಕೆ ಹಿಂದುಗಡೆ ನೀಲಿ ಟವೆಲ್ಲು ಇದೆ, ಅದು ಅವರದು, ಬೇರೆದಕ್ಕೆ ಒರೆಸಿ ಗಿರೆಸೀಯ. ಸೀಕ್ರಂ ಹೋಗು."

ದೇವರ ಮನೆಯ ಬಾಗಿಲು ಮುಚ್ಚಿತು. ಒಳಗಿನಿಂದ ಗಂಟೆ ಶುರುವಾಯಿತು, ಹಿಂದಿನ ಹಾಗೇ, ನಿಲ್ಲದೆ. ಆಗ ನನಗೆ ಗೊತ್ತಾಯಿತು, ಆರು ವರ್ಷ ಆ ಗಂಟೆ ಯಾರಿಗೋಸ್ಕರ ಅಷ್ಟು ಹೊತ್ತು ಆಡುತ್ತಿತ್ತು ಎಂದು.

ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ, ಚಿಮಟದಲ್ಲಿ ಒಂದು ಚೂರನ್ನು ಹೂವಿನ ಎಳೆಗಳಿಗೆ ತಾಕಿಸಿದೆ. ದೊಡ್ಡ ಮೀನು ಬಂದು ನನ್ನ ಬೆರಳು ಕಚ್ಚಿತು. ಎಳೆಗಳು ಅಲುಗಲಿಲ್ಲ. ನಾನು ಚಿಮಟ ಹಿಡಿದು ಹಾಗೇ ಕಾದೆ. ಎಷ್ಟೋ ಹೊತ್ತಿನ ಮೇಲೆ ಒಂದು ಎಳೆ ಬಾಗಿತು, ಅದರ ಪಕ್ಕದ್ದು ಬಾಗಿತು, ಆಮೇಲೆ ಹೂವೆಲ್ಲ ಮೆಲ್ಲಗೆ ಮುದುಡಿಕೊಂಡು ಚೂರನ್ನು ಒಳಗೆ ಎಳೆದುಕೊಂಡಿತು.

ಗಂಟೆ ನಿಂತಿತು. ಮುಚ್ಚಿದ ಬಾಗಿಲಿನ ಹಿಂದಿನಿಂದ ಅತ್ತೆಯ ದನಿ ಬಂತು.

"ತಗೊಂಡಿತಾ ಮಾ?"

"ತಗೊಂಡಿತು ಅತ್ತೆ."

"ಇನ್ನೊಂದು ಚೂರು ಕೊಡು," ಎಂದರು. ಗಂಟೆ ಮತ್ತೆ ಶುರುವಾಯಿತು.